ಜೋಡಿ ಪೆಟ್ಟಿಗೆಯ ಜಾತಕ

ನಾನು ಹೆಂಡತಿಗೆ ಸುಳ್ಳು ಹೇಳಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮುಂದೆ ಈ ಲೇಖನದಲ್ಲಿ ನನ್ನ ಮಾನ ಉಳಿಯುವ ಜಾಗ ಇನ್ನೊಂದು ಬರುವುದಿಲ್ಲ. "ಸ್ಪೀಕರಿಗೆ ಎಷ್ಟು ಕೊಟ್ಟಿರಿ?" ಅಂತ ಅವಳು ಕೇಳಿದಳು. "19 ಸಾವಿರ" ಅಂದೆ. ಅಪ್ಪಟ ಸತ್ಯ. ಒಂದು ಸ್ಪೀಕರಿನ ಬೆಲೆ 19 ಸಾವಿರವೇ. ಅವಳು ಏಕವಚನದಲ್ಲಿ ಕೇಳಿದಳು, ನಾನು ಏಕವಚನದಲ್ಲಿ ಉತ್ತರ ಕೊಟ್ಟೆ.

ಆದರೆ ಅಂಗಡಿಯ ಬಿಲ್ಲಿಗೆ ವ್ಯಾಕರಣ ನನಗಿಂತ ಚೆನ್ನಾಗಿ ಗೊತ್ತು. ಮಾರನೆಯ ದಿನ ಪ್ಯಾಂಟು ಒಗೆಯಲು ಹಾಕುವ ಮುಂಚೆ ಜೇಬು ತಡಕಿದವಳ ಕೈಗೆ ಅದು ಬಹುವಚನದಲ್ಲೇ ಸಿಕ್ಕಿತು. ಕೂಗಾಡಲಿಲ್ಲ. ಕೂಗಾಡಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಎರಡು ಪೆಟ್ಟಿಗೆಯನ್ನೂ ಸಂತೆಯಲ್ಲಿ ಕುಂಬಳಕಾಯಿ ತಟ್ಟಿ ನೋಡುವ ಹಾಗೆ ತಟ್ಟಿ ನೋಡಿದಳು. "ರೀ, ಎರಡೂ ಒಂದೇ ಥರ ಇದೆ. ಎರಡೂ ಒಂದೇ ಹಾಡು ಹೇಳುತ್ತೆ. ಒಂದನ್ನ ವಾಪಸ್ ಕೊಟ್ಟುಬಿಡಿ" ಅಂದಳು.

ನಾನು ಗಂಟಲು ಸರಿಮಾಡಿಕೊಂಡು ಸ್ಟೀರಿಯೋ ಪುರಾಣ ಶುರು ಮಾಡಿದೆ. "ಹಾಗಲ್ಲ ಕಣೆ. ಬ್ಲಮ್ಲೀನ್ ಅಂತ ಇಂಗ್ಲೆಂಡಿನಲ್ಲಿ ಒಬ್ಬ ಇಂಜಿನಿಯರ್. 1931ರಲ್ಲಿ ಹೆಂಡತಿ ಜೊತೆ ಸಿನಿಮಾಕ್ಕೆ ಹೋಗಿದ್ದನಂತೆ. ಪರದೆ ಮೇಲೆ ನಟ ಒಂದು ಕಡೆ, ದನಿ ಇನ್ನೊಂದು ಕಡೆ. ನಟ ನಡೆದ ಕಡೆ ದನಿಯೂ ನಡೆಯೋ ಹಾಗೆ ಮಾಡ್ತೀನಿ ಅಂತ ಹೆಂಡತಿಗೆ ಹೇಳಿ, ಅದೇ ವರ್ಷ ಪೇಟೆಂಟಿಗೆ ಅರ್ಜಿ ಹಾಕಿದ. ಎರಡು ಸ್ಪೀಕರು ಬಂದದ್ದು ಹಾಗೆ."

"ಹೆಂಡತೀನ ಸಿನಿಮಾಕ್ಕೆ ಕರಕೊಂಡು ಹೋಗಿ ದನಿ ಎಲ್ಲಿಂದ ಬರುತ್ತೆ ಅಂತ ನೋಡ್ತಾ ಕೂತಿದ್ದನಾ? ಪಾಪ, ಆಕೆ" ಅಂದಳು. ಆ ಕನಿಕರ ಇಂಗ್ಲೆಂಡಿನಿಂದ ಸೀದಾ ನಮ್ಮ ಬಸವನಗುಡಿಗೆ ಬಂದಿಳಿಯಿತು. "ಅಂದ ಹಾಗೆ, ನಾವು ಸಿನಿಮಾ ನೋಡಿ ಎಷ್ಟು ವರ್ಷ ಆಯ್ತು?"

ಆ ಭಾನುವಾರ ಸ್ಟೀರಿಯೋದ ಬಾಬ್ತು ಎರಡು ಟಿಕೆಟ್ಟು ಮತ್ತು ಒಂದು ದೊಡ್ಡ ಪಾಪ್‌ಕಾರ್ನ್ ತೆತ್ತೆ. ಪಾಪ್‌ಕಾರ್ನಿನ ಬೆಲೆ ಕೇಳಿದ ಮೇಲೆ 19 ಸಾವಿರವೇ ನ್ಯಾಯ ಅನ್ನಿಸಿತು.

ಇಷ್ಟಕ್ಕೂ ಈ ಸಂಬಂಧ ಕುದುರಿದ್ದು ಹೇಗೆ ಅಂತ ಹೇಳಬೇಕು. ನಮ್ಮಲ್ಲಿ 'ಹೈಫೈ' ಅಂದರೆ ಠೀವಿ. "ಅವರು ತುಂಬಾ ಹೈಫೈ ಜನ" ಅಂದರೆ ಮನೆಗೆ ಹೋದವರಿಗೆ ಕಾಫಿಯನ್ನು ಲೋಟದ ಬದಲು ಕಪ್-ಸಾಸರಿನಲ್ಲಿ ಕೊಡುವವರು. ಸ್ಪೀಕರ್ ಲೋಕದಲ್ಲಿ ಅದಕ್ಕೆ ಬೇರೆ ಅರ್ಥ: ಅಧಿಕ ನಿಷ್ಠೆ. ಮೂಲದಲ್ಲಿ ಏನಿದೆಯೋ ಅದನ್ನು ಕೂಡಿಸದೆ ಕಳೆಯದೆ ಹೇಳುವುದು. ಹರಿಶ್ಚಂದ್ರನ ಪೆಟ್ಟಿಗೆ ಅನ್ನಿ. ಏಕವಚನ ಬಹುವಚನ ನೋಡಿಕೊಂಡು ಬದುಕುವ ನನ್ನಂಥವನ ಮನೆಯಲ್ಲಿ ಅಂಥದಕ್ಕೆ ಏನು ಕೆಲಸ ಅಂತ ಅಂಗಡಿಯಲ್ಲೇ ಯೋಚಿಸಬೇಕಿತ್ತು.

ಅಂಗಡಿಯವನು ಜೋಯಿಸರ ಹಾಗೆ ಕಾಗದ ಬಿಚ್ಚಿದ. ಮದುವೆಗೆ ಎಂಟು ಕೂಟ, 36 ಗುಣ ನೋಡುವಂತೆ ಸ್ಪೀಕರಿಗೂ ಆಂಪ್ಲಿಫೈಯರಿಗೂ ಸಾಲಾವಳಿ ನೋಡಬೇಕಂತೆ. ನಮ್ಮ ಆಂಪ್ಲಿಫೈಯರ್ 30 ವಾಟಿನ ಸಾಧಾರಣ ವರ. ಸ್ಪೀಕರು 8 ಓಮಿನದು, ಆ ಕೂಟ ಸೇರಿತು. ಆದರೆ ಅದರ ಸೆನ್ಸಿಟಿವಿಟಿ 83 ಡೆಸಿಬೆಲ್: ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ನಿಂತರೆ ಅಷ್ಟು ಸದ್ದು. ದೇವಸ್ಥಾನದ ಮೇಲೆ ಕಟ್ಟುವ ಹಾರ್ನು ಅದೇ ಒಂದು ವಾಟಿಗೆ 100 ದಾಟುತ್ತೆ, ನಾಲ್ಕು ಬೀದಿಯ ಜನ ಏಳುತ್ತಾರೆ. ನಮ್ಮ ವಧು ಮೆತ್ತಗಿನ ಸ್ವಭಾವದವಳು, ಹೊಟ್ಟೆ ಮಾತ್ರ ದೊಡ್ಡದು. ಮೂರು ಡೆಸಿಬೆಲ್ ಜಾಸ್ತಿ ಬೇಕೆಂದರೆ ಎರಡರಷ್ಟು ವಾಟು ತಿನ್ನಿಸಬೇಕು. ಕಿವಿಗೆ ಎರಡರಷ್ಟು ಜೋರಾಗಿ ಕೇಳಬೇಕೆಂದರೆ ಹತ್ತರಷ್ಟು. ಇದು ನನಗೆ ಕಷ್ಟದ ಲೆಕ್ಕ ಅನ್ನಿಸಲಿಲ್ಲ. ಖಾತೆ ಬದಲಾವಣೆಗೆ ಓಡಾಡಿದವನಿಗೆ ಹತ್ತರಷ್ಟು ಶ್ರಮಕ್ಕೆ ಎರಡರಷ್ಟು ಫಲ ಅಂದರೆ ಒಳ್ಳೆಯ ವ್ಯವಹಾರವೇ.

ಕೊನೆಗೆ ಅವನು ವಂಶ ಎತ್ತಿದ. "ಸಾರ್, ಇದು ಬಿಬಿಸಿ ಪೆಟ್ಟಿಗೆಯ ಜಾಡಿನಲ್ಲಿ ಮಾಡಿದ್ದು." ನಾನು ಬಿದ್ದದ್ದು ಅಲ್ಲೇ. 1970ರ ದಶಕದಲ್ಲಿ ಬಿಬಿಸಿಯ ಇಂಜಿನಿಯರುಗಳು ತಮ್ಮ ಹೊರಾಂಗಣ ಪ್ರಸಾರದ ವ್ಯಾನುಗಳಿಗೆ ಅಂತ ಎಲ್.ಎಸ್. 3/5ಎ ಅನ್ನುವ ಪುಟ್ಟ ಸ್ಪೀಕರ್ ರೂಪಿಸಿದರು. ಒಂದಡಿ ಎತ್ತರ, ಬೂಟಿನ ಡಬ್ಬದಷ್ಟು ಗಾತ್ರ. ಮನುಷ್ಯನ ಮಾತು ಅದರಲ್ಲಿ ಕೇಳಿದಷ್ಟು ಸ್ವಚ್ಛವಾಗಿ ಬೇರೆಡೆ ಕೇಳುವುದು ಅಪರೂಪ. ಅಷ್ಟು ಸಣ್ಣ ಡಬ್ಬದಿಂದ ತಗ್ಗಿನ ಸ್ವರ ಹೊರಡುವುದಿಲ್ಲವಲ್ಲ, ಅದಕ್ಕೆ ಅವರು ಒಂದು ಉಪಾಯ ಮಾಡಿದರು: ಅದಕ್ಕಿಂತ ಕೊಂಚ ಮೇಲಿನ ಸ್ವರಗಳನ್ನು ತುಸು ಉಬ್ಬಿಸಿ, ತಗ್ಗೂ ಇದೆ ಅಂತ ಕಿವಿಯನ್ನು ನಂಬಿಸಿದರು. ಮನೆಯಲ್ಲಿ ಕಾಯಿ ಕಡಿಮೆಯಾದ ದಿನ ಹುರಿಗಡಲೆ ಹಾಕಿ ಚಟ್ನಿ ಗಟ್ಟಿ ಮಾಡುತ್ತಾರಲ್ಲ, ಅದೇ ವಿದ್ಯೆ. ನಮ್ಮದು ಆ ವಂಶಕ್ಕೆ ದೂರದ ನೆಂಟ. ಬಿಬಿಸಿ ಅಜ್ಜನ ಪೆಟ್ಟಿಗೆ ಪೂರ್ತಿ ಮುಚ್ಚಿದ್ದು. ನಮ್ಮದರ ಬೆನ್ನಿಗೆ ಗಾಳಿ ಆಡಲು ಒಂದು ತೂತು. ಆ ತೂತು ಮುಂದೆ ನನ್ನ ಮಾನ ಕಳೆಯಲಿದೆ.

ಮನೆಗೆ ತಂದ ದಿನ ಭಾವಮೈದ ಬಂದಿದ್ದ. "ಭಾವ, ವೈರ್ ನಾನು ಹಾಕಿಕೊಡ್ಲಾ?" ಅಂದ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಇಷ್ಟಕ್ಕೂ ಭಾವಮೈದನ ನೆರವು ಪಡೆದರೆ ನಾನು ಬಿ.ಎಸ್ಸಿ. ಓದಿದ್ದು ದಂಡ. "ನೀನು ಕಾಫಿ ಕುಡಿ" ಅಂತ ಹೇಳಿ, ಸ್ಪೀಕರಿನ ಮೇಲಿಂದ ಬಗ್ಗಿ, ಹಿಂದೆ ಕೈಹಾಕಿ, ತಲೆಕೆಳಗಾಗಿ ನೇತಾಡುತ್ತಾ ಎರಡು ನಿಮಿಷದಲ್ಲಿ ಮುಗಿಸಿದೆ. ಕನ್ನಡಕ ಹಾಕಿಕೊಂಡಿರಲಿಲ್ಲ. ಭಾವಮೈದನ ಎದುರಿಗೆ ಕನ್ನಡಕ ಹುಡುಕಿದರೆ ವಯಸ್ಸಾಯಿತು ಅಂದುಕೊಂಡಾನು.

ಮುಂದಿನದು ಜಾಗದ ಪ್ರಶ್ನೆ. ಎರಡು ಸ್ಪೀಕರು ಮತ್ತು ಕೇಳುವವನ ತಲೆ, ಈ ಮೂರೂ ಸಮಭುಜ ತ್ರಿಕೋನದ ಮೂರು ಮೂಲೆಯಲ್ಲಿರಬೇಕು. ಟ್ವೀಟರು, ಅಂದರೆ ಮೇಲಿನ ಸ್ವರ ನುಡಿಸುವ ಪುಟ್ಟ ಬಾಯಿ, ಕಿವಿಯ ಮಟ್ಟಕ್ಕಿರಬೇಕು. ಗೋಡೆಯಿಂದ ಈಚೆಗಿರಬೇಕು, ಮೂಲೆಗೆ ತುರುಕಿದರೆ ಬೇಸು ಗುಮ್ಮೆನ್ನುತ್ತೆ. ನಮ್ಮ ಹಾಲಿನಲ್ಲಿ ಈಗಾಗಲೇ ಸೋಫಾ, ಟಿ.ವಿ., ಅಮ್ಮನ ದಿವಾನ, ಹೊಲಿಗೆ ಮೆಷಿನ್ನು, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡು ಇವೆಲ್ಲ ಸರ್ವೆ ಆಗಿ ಪಟ್ಟಾ ಪಡೆದು ಕೂತಿವೆ. ಟೇಪು ಹಿಡಿದು ಎಂಟೆಂಟು ಅಡಿ ಅಳೆದೆ. ಎರಡು ಮೂಲೆಗೆ ಹೇಗೋ ಜಾಗ ಸಿಕ್ಕಿತು. ಮೂರನೆಯ ಮೂಲೆ, ಅಂದರೆ ಸಂಗೀತ ಸಾಕ್ಷಾತ್ ಮೈದಾಳುವ ಆ ಒಂದೇ ಒಂದು ಬಿಂದು, ಸರಿಯಾಗಿ ಅಡುಗೆಮನೆಯ ಹೊಸ್ತಿಲ ಮೇಲೆ ಬಂತು.

ಅಲ್ಲೊಂದು ಸ್ಟೂಲು ಹಾಕಿಕೊಂಡು ಕಣ್ಣು ಮುಚ್ಚಿ ಕೂತೆ. ಆಲಾಪನೆ ಇನ್ನೂ ಮಂದ್ರದಲ್ಲಿತ್ತು. ತೊಡೆಯ ಮೇಲೆ ಏನೋ ತಣ್ಣಗೆ ಇಟ್ಟಂತಾಯಿತು. ಕಣ್ಣು ಬಿಟ್ಟರೆ ತಟ್ಟೆ, ಚಾಕು, ಅರ್ಧ ಕೇಜಿ ಹುರುಳಿಕಾಯಿ. "ದಾರಿಗೆ ಅಡ್ಡ ಕೂತಿದ್ದೀರಿ, ಕೈ ಖಾಲಿ ಇದೆ. ನಾರು ತೆಗೆದು ಸಣ್ಣಗೆ ಹೆಚ್ಚಿ" ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ನಾನು ಸಂಗೀತ ಕೇಳುವುದಕ್ಕೂ ತರಕಾರಿ ಹೆಚ್ಚುವುದಕ್ಕೂ ಒಂದೇ ಹೆಸರು. "ಅಪ್ಪ ಇವತ್ತು ಸಂಗೀತ ಕೇಳಲ್ವಾ? ಸೋರೆಕಾಯಿ ತಂದಿದ್ದೀವಿ" ಅಂತ ಮಗಳು ಫೋನ್ ಮಾಡಿ ವಿಚಾರಿಸುತ್ತಾಳೆ. ವಿಲಂಬ ಕಾಲದ ದಿನ ಹುರುಳಿಕಾಯಿ ಬೆರಳುದ್ದ ಇರುತ್ತೆ, ತಿಲ್ಲಾನದ ದಿನ ನುಚ್ಚು.

ಗುಣಗಳನ್ನು ಹೇಳಬೇಕಲ್ಲ. ನಿಜಕ್ಕೂ ಗುಣವಿದೆ. ಕಂಠ, ವೀಣೆ, ತಂಬೂರಿ, ಇವು ಮೂರನ್ನು ಅದು ನುಡಿಸುವಾಗ ನಾನು ಕೊಟ್ಟ ದುಡ್ಡು ಮರೆತುಹೋಗುತ್ತೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಹತ್ತಿಯ ಒಂದು ಎಳೆ ಇಟ್ಟಿರುತ್ತಾರೆ, ಜೀವಾಳ ಅಂತ. ಆ ಎಳೆ ಸರಿಯಾದ ಜಾಗದಲ್ಲಿ ಕೂತಾಗಲೇ ನಾದಕ್ಕೆ ಆ ಝೇಂಕಾರ. ಒಂದು ಸಂಜೆ ಆ ಝೇಂಕಾರ ನನ್ನ ಕಿವಿಯ ಸುತ್ತಲೇ ಸುಳಿಯುತ್ತಿತ್ತು. ನಾನು ಕರಗಿಹೋಗಿದ್ದೆ. ಆಗ ಕಿವಿಯ ಪಕ್ಕ ಚಟ್ ಅಂತ ನೀಲಿ ಕಿಡಿ ಹಾರಿತು. ಹೆಂಡತಿ ಸೊಳ್ಳೆ ಬ್ಯಾಟು ಹಿಡಿದು ನಿಂತಿದ್ದಾಳೆ.

"ಎಷ್ಟು ಹೊತ್ತಿಂದ ಗುಂಯ್ ಅಂತಿದೆ, ಕಣ್ಣು ಮುಚ್ಚಿ ಕಚ್ಚಿಸಿಕೊಳ್ತಾ ಕೂತಿದ್ದೀರಲ್ಲ!"

"ಅದು ತಂಬೂರಿ ಕಣೆ!"

"ತಂಬೂರಿಯೂ ಇರಬಹುದು. ಸೊಳ್ಳೆಯೂ ಇತ್ತು" ಅಂತ ಬ್ಯಾಟು ಕೊಡವಿ ತೋರಿಸಿದಳು. ಇತ್ತು. ಸ್ಪೀಕರಿನ ಸ್ಪಷ್ಟತೆಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರು ಕೊಟ್ಟಾರು?

ಅಮ್ಮನದು ಇನ್ನೊಂದು ಸರ್ಟಿಫಿಕೇಟು. ಹಳೆಯ ಕಛೇರಿಯ ಧ್ವನಿಮುದ್ರಣ ಹಾಕಿದ್ದೆ. ಸಭಿಕರ ನಡುವೆ ಕೂತು ಮುದ್ರಿಸಿದ್ದು. ಪಲ್ಲವಿ ಮುಗಿಯುವ ಹೊತ್ತಿಗೆ ಅಮ್ಮ ದಿವಾನದಿಂದ ಎದ್ದು ಅಡುಗೆಮನೆಗೆ ಹೋದರು. ಐದು ನಿಮಿಷದಲ್ಲಿ ಮೆಣಸಿನ ಕಷಾಯದ ಲೋಟ ಹಿಡಿದು ಬಂದು ಎಡಗಡೆ ಸ್ಪೀಕರಿನ ಹಿಂದೆ ಇಣುಕಿದರು. "ಯಾರೋ ಬಂದಿದ್ದಾರಲ್ಲೋ, ಆಗಿನಿಂದ ಕೆಮ್ತಾ ಇದ್ದಾರೆ" ಅಂದರು. ಎಂದೋ ಯಾವುದೋ ಸಭೆಯಲ್ಲಿ ಕೆಮ್ಮಿದ ಆ ಪುಣ್ಯಾತ್ಮರ ಪಾಲಿನ ಕಷಾಯವನ್ನು ನಾನು ಕುಡಿದೆ. ಅಮ್ಮನಿಗೆ ನನ್ನ ಈ ಜೋಡಿಯ ಮೇಲೆ ಅಂಥ ಗೌರವವಿಲ್ಲ. ಅವರದು ದಿಂಬಿನ ಪಕ್ಕದ ಒಂದು ಟ್ರಾನ್ಸಿಸ್ಟರು. "ಆಕಾಶವಾಣಿ ಅನ್ನೋ ಹೆಸರೇ ಹುಟ್ಟಿದ್ದು ನಮ್ಮ ಮೈಸೂರಲ್ಲಿ. 1935ರಲ್ಲಿ ಗೋಪಾಲಸ್ವಾಮಿಯವರು ಮನೇಲೇ ರೇಡಿಯೋ ಸ್ಟೇಷನ್ ಶುರು ಮಾಡಿದ್ರು. ಯಾರೂ ತ್ರಿಕೋನ ಅಳೀಲಿಲ್ಲ" ಅನ್ನುತ್ತಾರೆ.

ಮಗಳಿಗೆ ನನ್ನ ಮೇಲೆ ವೈಜ್ಞಾನಿಕ ಕುತೂಹಲ. ನಮ್ಮ ಸ್ಪೀಕರು 22 ಸಾವಿರ ಹರ್ಟ್ಜ್ ತನಕ ನುಡಿಯುತ್ತೆ ಅಂತ ಅದರ ಕಾಗದದಲ್ಲಿ ಬರೆದದ್ದನ್ನು ನಾನು ದಿನಕ್ಕೆ ಎರಡು ಸಲ ಓದಿ ಹೇಳುತ್ತಿದ್ದೆ. "ಅಪ್ಪ, ಮನುಷ್ಯರ ಕಿವಿಗೆ ಕೇಳೋದೇ 20ರಿಂದ 20 ಸಾವಿರ ತನಕ. ಅದೂ ವಯಸ್ಸಾಗ್ತಾ ಮೇಲಿಂದ ಕಮ್ಮಿ ಆಗುತ್ತೆ. ನಿಂಗೆ ಟೆಸ್ಟ್ ಮಾಡ್ಲಾ?" ಅಂದಳು. ಹೊಸ್ತಿಲ ಮೇಲೆ ಕೂರಿಸಿದಳು. ಫೋನಿನಿಂದ ಕೀರಲು ಸದ್ದು ಬಿಟ್ಟಳು. 8 ಸಾವಿರ, ಕೇಳಿತು. 10 ಸಾವಿರ, ಕೇಳಿತು. ಆಮೇಲೆ ಅವಳು ಸಂಖ್ಯೆ ಮಾತ್ರ ಹೇಳುತ್ತಾ ಹೋದಳು. 12? "ಹ್ಞೂಂ." 14? "ತೆಳ್ಳಗೆ, ಬೆಳ್ಳಿ ಎಳೆ ಥರ." 16? ನಾನು ಕಣ್ಣು ಮುಚ್ಚಿ, ತಲೆ ತೂಗಿ, "ಆಹಾ, ಈ ಟ್ವೀಟರಿಗೆ ಸಾಟಿಯಿಲ್ಲ" ಅಂದೆ.

"ಅಪ್ಪ, 12 ಆದಮೇಲೆ ನಾನು ಆಫ್ ಮಾಡಿಬಿಟ್ಟೆ."

ಮನೆಯೆಲ್ಲ ನಕ್ಕಿತು. ಅಂದರೆ ನಾನು ಎರಡು ಮಹಡಿಗೆ ಬಾಡಿಗೆ ಕಟ್ಟಿ ಒಂದರಲ್ಲಿ ಮಾತ್ರ ವಾಸ ಮಾಡುತ್ತಿದ್ದೇನೆ. ಮೇಲಿನ ಮಹಡಿ ಬೀದಿನಾಯಿಗಳ ಪಾಲು.

ಇನ್ನು ದೋಷ. ದೋಷ ಒಂದೇ: ಬೇಸು ಇಲ್ಲ. ಸಣ್ಣ ಪೆಟ್ಟಿಗೆ, ಕಡಿಮೆ ಇರುತ್ತೆ ಅಂತ ಗೊತ್ತಿತ್ತು. ಆದರೆ ನಮ್ಮದರಲ್ಲಿ ಹುರಿಗಡಲೆಯೂ ಇರಲಿಲ್ಲ. ಮೃದಂಗದ ಎಡಗಡೆಯ ಮುಚ್ಚಿಗೆಗೆ ರವೆ ಕಲಸಿ ಹಚ್ಚುತ್ತಾರೆ, ಅದರ ತೂಕಕ್ಕೇ ಆ ಗುಂಕಿ ತುಂಬಿ ಬರುವುದು. ನಮ್ಮ ಮನೆಯಲ್ಲಿ ಮಾತ್ರ ವಿದ್ವಾಂಸರು ರವೆ ಹಚ್ಚುವುದನ್ನು ಮರೆತು, ಅದನ್ನು ಉಪ್ಪಿಟ್ಟು ಮಾಡಿಕೊಂಡು ತಿಂದು ಬಂದ ಹಾಗೆ ಕೇಳುತ್ತಿತ್ತು. ಇನ್ನೊಂದು ವಿಚಿತ್ರ. ಗಾಯಕಿಯ ದನಿ ಎರಡು ಪೆಟ್ಟಿಗೆಯ ನಡುವೆ, ನಟ್ಟನಡುವೆ, ಎದುರಿಗೆ ಕೂತು ಹಾಡಿದ ಹಾಗೆ ಬರಬೇಕು. ನಮ್ಮಲ್ಲಿ ಅದು ಹಾಲಿನ ತುಂಬ ಚೆದುರಿ, ಕಿವಿಯ ಹಿಂದೆ, ಸೋಫಾದ ಕೆಳಗೆ, ಒಣಹಾಕಿದ ಬಟ್ಟೆಯ ಒಳಗೆ ಎಲ್ಲಾ ಕಡೆ ಸುಳಿದಾಡುತ್ತಿತ್ತು.

ದುಡ್ಡು ಕೊಟ್ಟು ತಂದವನು ದೋಷವನ್ನು ದೋಷ ಅನ್ನುತ್ತಾನೆಯೇ? ನಾನು ಅದಕ್ಕೊಂದು ಸಿದ್ಧಾಂತ ಕಟ್ಟಿದೆ. ಬಂದವರಿಗೆಲ್ಲ ಹೇಳುತ್ತಿದ್ದೆ: "ಕೇಳಿ, ಎಷ್ಟು ಗಾಳಿಯಾಡುತ್ತೆ! ಗಾಯಕಿ ಎಲ್ಲೂ ಇಲ್ಲ, ಎಲ್ಲೆಲ್ಲೂ ಇದ್ದಾರೆ." ಉಪನಿಷತ್ತಿನ ವಾಸನೆ ಬಡಿದ ಕೂಡಲೇ ಜನ ತಲೆಯಾಡಿಸಿ ಕಾಫಿ ಕುಡಿದು ಹೋಗುತ್ತಿದ್ದರು. ಗುಟ್ಟಾಗಿ ಮಾತ್ರ ಚಿಕಿತ್ಸೆ ನಡೆದಿತ್ತು. ಎಸ್.ಪಿ. ರೋಡಿಗೆ ಹೋಗಿ ಹೆಬ್ಬೆರಳು ಗಾತ್ರದ ತಾಮ್ರದ ವೈರು ತಂದೆ. ಹಳೆಯದು ಹೇಗಿತ್ತೋ ಅದೇ ಬಣ್ಣಕ್ಕೆ ಅದೇ ಜಾಗ ಅಂತ ನಿಷ್ಠೆಯಿಂದ ಬದಲಾಯಿಸಿದೆ. ಕಬ್ಬಿಣದ ಸ್ಟ್ಯಾಂಡು ಮಾಡಿಸಿ ಅದರ ಕೊಳವೆಗೆ ಮರಳು ತುಂಬಿದೆ. ದಪ್ಪ ಪರದೆ ಹಾಕಿಸಿದೆ. ಹೆಂಡತಿಯ ಶೋಕೇಸು ಬೇಸನ್ನೆಲ್ಲ ಕುಡಿಯುತ್ತಿದೆ ಅಂತ ಒಂದು ದಿನ ಹೇಳಿ ನೋಡಿದೆ. "ಅದು ನನ್ನ ತವರಿಂದ ಬಂದದ್ದು. ನಿಮ್ಮ ಪೆಟ್ಟಿಗೆ ಕುಡಿಯೋ ದುಡ್ಡಿನ ಮುಂದೆ ಅದು ಕುಡಿಯೋದು ಏನು ಮಹಾ" ಅಂದಳು. ಶೋಕೇಸು ಅಲ್ಲೇ ಉಳಿಯಿತು.

ಕೆಳಗಿನ ಮನೆಯ ರಾಯರನ್ನು ನಾನು ಕರೆಯಬಾರದಿತ್ತು. ಅವರು ಪ್ರತಿ ವರ್ಷ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಿಗೆ ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕುವವರು. ಅವರನ್ನು ಹೊಸ್ತಿಲ ಮೇಲೆ ಕೂರಿಸಿ ತನಿ ಆವರ್ತನ ಹಾಕಿದೆ. ಮೃದಂಗದ ಪ್ರತಿ ಪೆಟ್ಟಿನ ಬೆನ್ನಿಗೂ ಛಿಲ್, ಛಿಲ್ ಅಂತ ಸಣ್ಣಗೆ ಒಂದು ಲೋಹದ ನಾದ. ಕೆಲವು ದಿನದಿಂದ ನಾನೂ ಗಮನಿಸಿ ಹಿಗ್ಗಿದ್ದೆ.

"ಕೇಳಿಸ್ತಾ ರಾಯರೇ? ಕಂಜಿರದ ಬಿಲ್ಲೆ! ಬೇರೆ ಸ್ಪೀಕರಲ್ಲಿ ಇದು ಕೇಳೋದೇ ಇಲ್ಲ."

ರಾಯರು ಸೀಡಿಯ ಹೊದಿಕೆ ತಿರುಗಿಸಿ ನೋಡಿದರು. "ಸ್ವಾಮಿ, ಈ ಕಛೇರೀಲಿ ಕಂಜಿರ ಇಲ್ಲವಲ್ಲ?"

ಎದ್ದು, ಎಡಗಡೆ ಪೆಟ್ಟಿಗೆಗೆ ಕಿವಿ ಕೊಟ್ಟು, ಅದನ್ನು ಎತ್ತಿ ಬೆನ್ನು ಕೆಳಗೆ ಮಾಡಿ ಕೊಡವಿದರು. ತೂತಿನಿಂದ ಒಂದು, ಎರಡು, ಐದು ರೂಪಾಯಿಯ ನಾಣ್ಯಗಳು, ನನ್ನ ಅಂಗಿಯ ಗುಂಡಿ, ಅರ್ಧ ಕೋಡುಬಳೆ ಒಂದೊಂದಾಗಿ ಉದುರಿದವು. ಒಟ್ಟು 17 ರೂಪಾಯಿ. ರಜಕ್ಕೆ ಬಂದಿದ್ದ ಭಾವಮೈದನ ಮಗ ಅದನ್ನು ಹುಂಡಿ ಮಾಡಿಕೊಂಡಿದ್ದನಂತೆ. "ಮಾವ, ನಾನು ದಿನಾ ದೇವರಿಗೆ ಹಾಕ್ತಿದ್ದೆ" ಅಂತ ಆಮೇಲೆ ಫೋನಿನಲ್ಲಿ ಒಪ್ಪಿಕೊಂಡ. ರಾಯರು ದೊಡ್ಡ ಮನುಷ್ಯರು, ನಗಲಿಲ್ಲ. "ಒಂದು ಲೆಕ್ಕಕ್ಕೆ ನೀವು ಹೇಳಿದ್ದು ಸರಿ. ಕಂಜಿರಕ್ಕೂ ಹಳೇ ಕಾಸನ್ನೇ ಕೂರಿಸೋದುಂಟು" ಅಂತ ಸಮಾಧಾನ ಹೇಳಿ ಮೆಟ್ಟಿಲಿಳಿದರು. ನಗು ಮೆಟ್ಟಿಲಿನ ತಿರುವಿನಿಂದಾಚೆ ಕೇಳಿಸಿತು. ಅದು 12 ಸಾವಿರ ಹರ್ಟ್ಜಿನ ಒಳಗೇ ಇತ್ತು.

ಇಷ್ಟರಲ್ಲಿ ದಸರಾ ಬಂತು. ಗೊಂಬೆ ಕೂರಿಸಲು ಜಾಗ ಹುಡುಕುತ್ತಿದ್ದ ಹೆಂಡತಿಯ ಕಣ್ಣು ಸ್ಟ್ಯಾಂಡಿನ ಮೇಲೆ ಬಿತ್ತು. ಎತ್ತರ ಸರಿಯಿದೆ, ಜೋಡಿಯಿದೆ, ಗಟ್ಟಿಯಿದೆ. ರೇಷ್ಮೆಯ ಕಣ ಹೊದಿಸಿ, ಬಲಗಡೆ ಪೆಟ್ಟಿಗೆಯ ಮೇಲೆ ಪಟ್ಟದ ರಾಜ, ಎಡಗಡೆಯದರ ಮೇಲೆ ರಾಣಿ. "ಮೊದಲನೇ ಸಲ ನಿಮ್ಮ ಸ್ಪೀಕರ್ ಉಪಯೋಗಕ್ಕೆ ಬಂತು ನೋಡಿ" ಅಂದಳು. ಗೊಂಬೆಗಳ ಸುತ್ತ ಸೀರಿಯಲ್ ಸೆಟ್ ಹಾಕಲು ಒಬ್ಬ ಹುಡುಗ ಬಂದ. ಗಣೇಶನ ಪೆಂಡಾಲಿಗೆ ಮೈಕ್‌ಸೆಟ್ ಕಟ್ಟುವವನು, ವಯಸ್ಸು 20 ಇದ್ದೀತು. ನಾನು ಸುಮ್ಮನಿರಬೇಕೋ ಬೇಡವೋ? "ಇದು ಬಿಬಿಸಿ ವಂಶದ್ದು ಕಣಪ್ಪ" ಅಂತ ಒಂದು ಹಾಡು ಹಾಕಿ, "ನೋಡು, ಗಾಯಕಿ ಎಲ್ಲೂ ಇಲ್ಲ, ಎಲ್ಲೆಲ್ಲೂ..." ಅಂತ ಶುರು ಮಾಡಿದೆ.

ಅವನು ಅರ್ಧ ನಿಮಿಷ ಕೇಳಿದ. "ಸಾರ್, ಒಂದು ಕಡೆ ಉಲ್ಟಾ ಕೊಟ್ಟಿದೀರ" ಅಂದ.

"ಏನು ಉಲ್ಟಾ?"

"ಕೆಂಪು ಕಪ್ಪು ಸಾರ್. ಒಂದು ಪೆನ್ಸಿಲ್ ಸೆಲ್ ಇದ್ರೆ ಕೊಡಿ."

ಮನೆಯಲ್ಲಿ ಇದ್ದದ್ದು ಅಮ್ಮನ ಟ್ರಾನ್ಸಿಸ್ಟರಿನಲ್ಲಿ. ಅಮ್ಮ ವಾರ್ತೆ ನಿಲ್ಲಿಸಿ ಸೆಲ್ಲು ತೆಗೆದುಕೊಟ್ಟು ತಾವೂ ನೋಡಲು ಬಂದರು. ಅವನು ಆಂಪ್ಲಿಫೈಯರಿನಿಂದ ವೈರು ಬಿಡಿಸಿ, ಒಂದೊಂದು ಕಡೆಯ ತುದಿಗೂ ಸೆಲ್ಲು ಮುಟ್ಟಿಸಿದ. ಎಡಗಡೆ ಸ್ಪೀಕರಿನ ಬೊಜ್ಜು ಟಪ್ ಅಂತ ಹೊರಕ್ಕೆ ಬಂತು. ಬಲಗಡೆಯದು ಟಪ್ ಅಂತ ಒಳಕ್ಕೆ ಹೋಯಿತು. "ನೋಡಿ ಸಾರ್, ಇದು ಗಾಳಿ ತಳ್ಳೋವಾಗ ಅದು ಎಳೀತದೆ. ಎರಡೂ ಸೇರಿ ಬೇಸು ಹೊಡೆದುಕೊಂಡು ಹೋಗ್ತದೆ. ವಾಯ್ಸೂ ಮಧ್ಯದಲ್ಲಿ ನಿಲ್ಲಲ್ಲ, ಚೆಲ್ಲಾಪಿಲ್ಲಿ ಆಗ್ತದೆ. ಯಾವನೋ ತಿಳೀದೋನು ಹಾಕಿರಬೇಕು."

ತಿಳಿಯದವನು ಸೀರಿಯಲ್ ಸೆಟ್ಟಿನ ಗಂಟು ಬಿಡಿಸುವುದರಲ್ಲಿ ಮಗ್ನನಾದಂತೆ ನಟಿಸಿದ. ಏಳು ತಿಂಗಳು! ತಾಮ್ರದ ವೈರು, ಮರಳು, ಪರದೆ, ಶೋಕೇಸಿನ ಮೇಲೆ ಹೊರಿಸಿದ ಅಪವಾದ, ಉಪನಿಷತ್ತು! ಹೆಂಡತಿಗೆ ವಿಜ್ಞಾನ ತಕ್ಷಣ ಅರ್ಥವಾಯಿತು. "ಓ, ಒಬ್ಬರು ಮುಂದೆ ಬಂದಾಗ ಇನ್ನೊಬ್ಬರು ಹಿಂದೆ ಹೋದರೆ ಮನೇಲಿ ಏನೂ ಕೇಳಿಸಲ್ಲ ಅಂತ ತಾನೆ? ನಮ್ಮ ಜಾತಕ ಕೂಡಿಸಿದ ಜೋಯಿಸರೂ ಅವತ್ತು ಕನ್ನಡಕ ಹಾಕಿರಲಿಲ್ಲ ಅನ್ಸುತ್ತೆ" ಅಂದಳು.

ಹುಡುಗ ಒಂದೇ ಕ್ಷಣದಲ್ಲಿ ತಿರುಗಿಸಿ ಹಾಕಿದ. ಅವನು ಹೋದ ಮೇಲೆ ನಾನು ಕೈಮುಗಿದು ಅದೇ ತನಿ ಆವರ್ತನ ಹಾಕಿದೆ. ಸಂಭ್ರಮಕ್ಕೆ ವಾಲ್ಯೂಮನ್ನು ಎಂದಿಗಿಂತ ಎರಡು ಮನೆ ಮುಂದಕ್ಕೆ ತಿರುಗಿಸಿದೆ. ಅಬ್ಬಾ! ಮೃದಂಗದವರು ಹಾಲಿನ ಮಧ್ಯದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎಡಗೈ ಇಳಿದಾಗ ಎದೆಯಲ್ಲಿ ಗುಂ ಅನ್ನುತ್ತೆ. ರವೆ ಕೊನೆಗೂ ಮೃದಂಗದ ಮೇಲೆ ಬಂದು ಕೂತಿದೆ! ನನ್ನ ಕಣ್ಣಲ್ಲಿ ನೀರು ಬಂತು.

ಕಣ್ಣಲ್ಲಿ ನೀರಿದ್ದದ್ದರಿಂದ ರಾಜ ನಡೆಯಲು ಶುರು ಮಾಡಿದ್ದು ಕಾಣಿಸಲಿಲ್ಲ. ರೇಷ್ಮೆಯ ಮೇಲೆ ನುಣ್ಣಗೆ, ಪ್ರತಿ ಗುಂಕಿಗೂ ಒಂದೊಂದು ಅಕ್ಕಿಕಾಳಿನಷ್ಟು ಅಂಚಿಗೆ ಸರಿಯುತ್ತಾ ಬಂದ. ಅಡುಗೆಮನೆಯಲ್ಲಿ ಸ್ಟೀಲಿನ ಲೋಟಗಳು ತಮ್ಮದೇ ಘಟ, ಮೋರ್ಸಿಂಗ್ ಶುರು ಮಾಡಿದವು. ಶೋಕೇಸಿನ ಗಾಜು ಜೊತೆಗೂಡಿತು. ಮೂರನೆಯ ಮುಕ್ತಾಯಕ್ಕೆ ಸರಿಯಾಗಿ ಸಮದಲ್ಲಿ, ಒಂದಿಷ್ಟೂ ತಾಳ ತಪ್ಪದೆ, ರಾಜ ಮೂಗು ಕೆಳಗಾಗಿ ನೆಲಕ್ಕೆ ಬಿದ್ದ. ರಾಣಿ ಇದ್ದಲ್ಲಿಂದ ಅಲುಗಿರಲಿಲ್ಲ. ಅದೇ ಹೊತ್ತಿಗೆ ಬಾಗಿಲು ಬಡಿದರು. ಕೆಳಗಿನ ರಾಯರು. "ಸಾರ್, ಮೇಲೆ ಏನೋ ಬೀಳ್ತಾ ಇದೆ, ತುಂಬ ಹೊತ್ತಿಂದ."

ರಾಜನ ಮೂಗನ್ನು ಗೋಂದು ಹಾಕಿ ಅಂಟಿಸಿದ್ದಾಯಿತು, ಕೊಂಚ ಸೊಟ್ಟ. ಮನೆಯ ತೀರ್ಪು ಅಂದು ರಾತ್ರಿಯೇ ಹೊರಬಿತ್ತು. "ಆ ಹುಡುಗ ಹಾಳು ಮಾಡಿಬಿಟ್ಟ. ಮೊದಲು ಎಷ್ಟು ಮೃದುವಾಗಿತ್ತು! ಎಲ್ಲೂ ಇಲ್ಲ ಎಲ್ಲೆಲ್ಲೂ ಇದ್ದಾರೆ ಅಂತ ನೀವೇ ಹೇಳ್ತಿದ್ರಲ್ಲ" ಅಂದಳು ಹೆಂಡತಿ. ಅಮ್ಮ ತಮ್ಮ ಸೆಲ್ಲನ್ನು ಟ್ರಾನ್ಸಿಸ್ಟರಿಗೆ ಹಾಕಿಕೊಳ್ಳುತ್ತಾ ಹೌದೆಂದರು. ಸಾಲಾವಳಿ ಶಾಸ್ತ್ರದಲ್ಲಿ 36ಕ್ಕೆ 18 ಗುಣ ಬಂದರೆ ಸಂಬಂಧ ಮಾಡಬಹುದು. ನಾನು ಏಳು ತಿಂಗಳು 36 ಅಂತ ಸಾರಿದ ಜೋಡಿಗೆ ನಿಜವಾಗಿ ಅಷ್ಟು ಬಂದ ದಿನವೇ ಮನೆಯವರು ಸೊನ್ನೆ ಕೊಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ದೀಪಾವಳಿಗೆ ರಾಯರ ಮಗ ಅಮೆರಿಕದಿಂದ ಬಂದವನು ಅಪ್ಪನಿಗೆ ಒಂದು ಜೋಡಿ ಸ್ಪೀಕರ್ ಕೊಡಿಸಿ ಹೋದ. "ನೀವು ಅನುಭವಸ್ಥರು, ಬಂದು ಜೋಡಿಸಿಕೊಡಿ ಸ್ವಾಮಿ" ಅಂತ ರಾಯರು ಕರೆದರು. ಇಂಥ ಕರೆಗೆ ನಾನು ಎಷ್ಟು ವರ್ಷದಿಂದ ಕಾದಿದ್ದೆ! ತ್ರಿಕೋನ ಅಳೆದೆ, ಟ್ವೀಟರನ್ನು ರಾಯರ ಕಿವಿಯ ಮಟ್ಟಕ್ಕೆ ತಂದೆ, ಬ್ಲಮ್ಲೀನನ ಸಿನಿಮಾ ಕಥೆ ಹೇಳಿದೆ, ಬಗ್ಗಿ ಹಿಂದೆ ಕೈಹಾಕಿ ಎರಡೇ ನಿಮಿಷದಲ್ಲಿ ವೈರು ಕೊಟ್ಟು ಬಂದೆ.

ಒಂದು ವಾರದ ಮೇಲೆ ಮೆಟ್ಟಿಲಲ್ಲಿ ರಾಯರು ಸಿಕ್ಕರು. ಮುಖದಲ್ಲಿ ಕಳೆ. "ಏನು ಹೇಳಲಿ ಸ್ವಾಮಿ, ಅದೇನು ಗಾಳಿಯಾಡುತ್ತೆ! ನೀವು ಹೇಳ್ತಿದ್ರಲ್ಲ, ಹಾಗೇ. ಗಾಯಕಿ ಎಲ್ಲೂ ಇಲ್ಲ, ಎಲ್ಲೆಲ್ಲೂ ಇದ್ದಾರೆ!"

ನಾನು ಅಂಗಿಯ ಜೇಬು ಮುಟ್ಟಿ ನೋಡಿಕೊಂಡೆ. ಕನ್ನಡಕ ಅವತ್ತೂ ಅಲ್ಲೇ ಇತ್ತು.

"ಹೌದೇ? ಸಂತೋಷ" ಅಂದೆ.

"ನಿನ್ನೆ ನಿಮ್ಮ ಮನೆಯವರು ಅರಿಶಿನ ಕುಂಕುಮಕ್ಕೆ ಬಂದಿದ್ರು, ಒಂದು ಹಾಡು ಕೇಳಿದ್ರು. ಬೇಜಾರು ಮಾಡ್ಕೋಬೇಡಿ," ರಾಯರು ದನಿ ತಗ್ಗಿಸಿದರು, "ನಮ್ಮದಕ್ಕಿಂತ ನಿಮ್ಮದೇ ಎಷ್ಟೋ ಚೆನ್ನಾಗಿದೆ ಅಂತ ಅವರೇ ಹೇಳಿದ್ರು."

ಮನೆಗೆ ಬಂದೆ. ಹೊಸ್ತಿಲ ಮೇಲೆ ಸ್ಟೂಲು ಹಾಕಿತ್ತು. ಸ್ಟೂಲಿನ ಮೇಲೆ ಒಂದು ಕೇಜಿ ಅವರೆಕಾಯಿ.